ಶಾಂತಿಯ ಸೇನಾನಿ ಜನರಲ್ ತಿಮ್ಮಯ್ಯನವರು

ಸೈನಿಕನೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಶತ್ರುವನ್ನು ಇದಿರಿಸಿ ಹೋರಾಡುವ ವೀರನ ಚಿತ್ರ. ಬೆಳಗಾವಿಯ ಮಕ್ಕಳಿಗೆ ಈ ಚಿತ್ರ ಹೊಸದಲ್ಲ. ಮರಾಠಾ ಲೈಟ್ ಇನ್‌ಫಂಟ್ರಿಯ ತರಬೇತಿ ಕೇಂದ್ರ ಈ ಊರಿನಲ್ಲಿಯೇ ಇದೆ. ಸಮವಸ್ತ್ರ ಧರಿಸಿದ ಯುವಕರನ್ನು ಕಾಣದೆ ಇಲ್ಲಿ ದಿನ ಕಳೆಯುವುದಿಲ್ಲ. ಆದರೆ ಸೈನಿಕನಿಗೆ ಇನ್ನೊಂದು ಧರ್ಮವೂ ಉಂಟು. ಪರಸ್ಪರ ಕಾದಾಡುತ್ತಿರುವ ಇಬ್ಬರ ನಡುವೆ ನಿಂತು, ಯಾರ ಪಕ್ಷವನ್ನೂ ವಹಿಸದೆ, ಇಬ್ಬರ ಕೋಪವನ್ನೂ ತಾಳಿಕೊಂಡು ರಕ್ತಪಾತವನ್ನು ತಡೆಯುವುದೇ ಆ ಧರ್ಮ. ಉದ್ಯಮಬಾಗದ ಕಾರ್ಖಾನೆಗಳಲ್ಲಿ ದುಡಿಯುವ ಕೆಲಸಗಾರರಿಗೆ ಈ ಮಾತು ಸುಲಭವಾಗಿ ತಿಳಿದೀತು. ತಿರುಗುವ ಶಾಫ್ಟಿಗೂ ಅದನ್ನು ಹೊತ್ತ ಗಟ್ಟಿ ಕಬ್ಬಿಣಕ್ಕೂ ನಡುವೆ ಒಂದು ಬುಷ್ ಕೂಡಿಸುತ್ತಾರೆ. ಎರಡೂ ಕಡೆಯ ಉಜ್ಜುವಿಕೆಯನ್ನು ಅದು ತಾನೇ ಸಹಿಸುತ್ತದೆ. ತಾನು ಸವೆದು ಯಂತ್ರವನ್ನು ಉಳಿಸುತ್ತದೆ. ಯಂತ್ರ ಓಡುತ್ತಿರುವಾಗ ಅದರ ಹೆಸರನ್ನು ಯಾರೂ ಎತ್ತುವುದಿಲ್ಲ.

ಇಂಥ ಕಠಿಣ ಧರ್ಮವನ್ನು ಜಗತ್ತಿನ ಎರಡು ಮೂಲೆಗಳಲ್ಲಿ ಆಚರಿಸಿ ತೋರಿಸಿದ ಕರ್ನಾಟಕದ ಸುಪುತ್ರರು ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು. ಅವರನ್ನು ಕಾಶ್ಮೀರದ ರಣಾಂಗಣದ ವೀರರೆಂದು, ಭಾರತೀಯ ಭೂಸೇನೆಯ ಮುಖ್ಯಸ್ಥರೆಂದು ನಾಡು ಬಲ್ಲದು. ಕೊರಿಯಾ ಮತ್ತು ಸೈಪ್ರಸ್‌ಗಳಲ್ಲಿ ಅವರು ಸಲ್ಲಿಸಿದ ಶಾಂತಿಸೇವೆ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಅವರ ಬಾಳಿನ ನಿಜವಾದ ತೂಕ ತಿಳಿಯಬೇಕಾದರೆ ಈ ಎರಡನೆಯ ಮುಖವನ್ನೂ ಅರಿಯಬೇಕಾಗುತ್ತದೆ.

ತಿಮ್ಮಯ್ಯನವರು ಜನಿಸಿದ್ದು ೧೯೦೬ನೆಯ ಇಸವಿ ಮಾರ್ಚ್ ೩೧ರಂದು, ಕೊಡಗಿನ ಮಡಿಕೇರಿಯಲ್ಲಿ. ಕಾಫಿ ತೋಟಗಳನ್ನುಳ್ಳ ಅನುಕೂಲಸ್ಥ ಕೊಡವ ಮನೆತನ ಅವರದು. ಆಯುಧವನ್ನು ಪೂಜಿಸುವ, ಸೈನ್ಯಸೇವೆಯನ್ನು ಗೌರವವೆಂದು ಬಗೆಯುವ ನಾಡು ಅದು. ಈ ಮನೆಯ ಮೂವರು ಗಂಡುಮಕ್ಕಳೂ ಸೈನ್ಯವನ್ನೇ ಸೇರಿದರು. ಕೂನೂರಿನಲ್ಲಿ, ಬಳಿಕ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ತಿಮ್ಮಯ್ಯನವರ ವಿದ್ಯಾಭ್ಯಾಸ ನಡೆಯಿತು. ೧೯೨೨ರಲ್ಲಿ ಡೆಹರಾಡೂನಿನಲ್ಲಿ ಸೈನಿಕ ಶಿಕ್ಷಣದ ಕಾಲೇಜು ಆರಂಭವಾದಾಗ ಅದರ ಮೊದಲ ವಿದ್ಯಾರ್ಥಿಗಳ ಸಾಲಿನಲ್ಲಿ ಅವರಿದ್ದರು. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ವಿದ್ಯಾಲಯಕ್ಕೆ ಹೋಗಿ ೧೯೨೬ರಲ್ಲಿ ಅಧಿಕಾರಿಯಾಗಿ ಹೊರಬಂದರು. ಮುಂದೆ ಕುಮಾಂವ್ ರೆಜಿಮೆಂಟ್ ಎಂದು ಹೆಸರಾದ ಹೈದರಾಬಾದ್ ರೆಜಿಮೆಂಟಿನ ನಾಲ್ಕನೆಯ ಪಡೆಯನ್ನು ಸೇರಿ, ಇರಾಕಿನ ಬಾಗ್ದಾದಿನಲ್ಲಿ ಸೇವೆ ಮಾಡಿದರು.

ಅದು ಸ್ವಾತಂತ್ರ್ಯ ಚಳವಳಿಯ ಕಾಲ. ಪರಕೀಯರ ಸಮವಸ್ತ್ರವನ್ನು ಧರಿಸಿದ ಸ್ವಾಭಿಮಾನಿ ಭಾರತೀಯನ ಮನಸ್ಸಿನಲ್ಲಿ ತುಮುಲ ಏಳದಿರುವುದು ಹೇಗೆ? ಅಲಹಾಬಾದಿನಲ್ಲಿದ್ದಾಗ ತಿಮ್ಮಯ್ಯನವರು ಪಂಡಿತ ಮೋತಿಲಾಲ ನೆಹರೂ ಅವರ ಮನೆಗೆ ಹೋಗಿಬರುತ್ತಿದ್ದರು. ಕೆಲಸ ಬಿಟ್ಟು ಚಳವಳಿಗೆ ಧುಮುಕಲೇ ಎಂಬ ಪ್ರಶ್ನೆಯನ್ನು ಅವರು ಹಿರಿಯರ ಮುಂದಿಟ್ಟರೆಂದೂ, ಸ್ವತಂತ್ರ ಭಾರತಕ್ಕೆ ನುರಿತ ಸೇನಾಧಿಕಾರಿಗಳು ಬೇಕಾಗುವರಾದುದರಿಂದ ಸೇವೆಯಲ್ಲಿಯೇ ಉಳಿಯುವುದು ಲೇಸೆಂಬ ಸಲಹೆ ದೊರೆಯಿತೆಂದೂ ಅವರ ಚರಿತ್ರಕಾರರು ತಿಳಿಸುತ್ತಾರೆ. ಆ ಸಲಹೆಯನ್ನು ಅವರು ಪಾಲಿಸಿದರು. ೧೯೩೫ರಲ್ಲಿ ನೀನಾ ಅವರೊಡನೆ ವಿವಾಹವಾಯಿತು. ಅದೇ ವರ್ಷ ಮೇ ತಿಂಗಳ ಕೊನೆಯ ರಾತ್ರಿ ಕ್ವೆಟ್ಟಾ ನಗರವನ್ನು ಭೂಕಂಪ ನೆಲಸಮ ಮಾಡಿದಾಗ, ನವದಂಪತಿಗಳಿಬ್ಬರೂ ಅಲ್ಲಿದ್ದು ಸಂತ್ರಸ್ತರ ಸೇವೆಯಲ್ಲಿ ತೊಡಗಿದರು.

ಎರಡನೆಯ ಮಹಾಯುದ್ಧದಲ್ಲಿ ತಿಮ್ಮಯ್ಯನವರ ಶೌರ್ಯ ಬೆಳಕಿಗೆ ಬಂದಿತು. ೧೯೪೫ರ ಆರಂಭದಲ್ಲಿ ಬರ್ಮಾದ ಅರಾಕಾನ್ ತೀರದ ಕಾಂಗಾವ್ ಎಂಬಲ್ಲಿ ಜಪಾನೀಯರೊಡನೆ ಘನಘೋರ ಕಾಳಗ ನಡೆಯಿತು. ಅಲ್ಲಿ ಹೋರಾಡಿದ ಬ್ರಿಗೇಡಿನ ಮೂರು ಪಡೆಗಳಿಗೂ ಭಾರತೀಯರೇ ನಾಯಕರು: ತಿಮ್ಮಯ್ಯ, ಎಸ್. ಪಿ. ಪಿ. ಥೋರಾತ್ ಮತ್ತು ಎಲ್. ಪಿ. ಸೇನ್. ಮೂವರಿಗೂ ಡಿ. ಎಸ್. ಓ. ಪದಕ ಲಭಿಸಿತು. ಬಳಿಕ ಬ್ರಿಗೇಡನ್ನೇ ಯುದ್ಧಭೂಮಿಯಲ್ಲಿ ನಡೆಸುವ ಹೊಣೆ ತಿಮ್ಮಯ್ಯನವರಿಗೆ ಬಂದಿತು. ಆ ಮಹಾಯುದ್ಧದಲ್ಲಿ ಅಂಥ ಅವಕಾಶ ಪಡೆದ ಭಾರತೀಯರು ಅವರೊಬ್ಬರೇ. ಯುದ್ಧ ಮುಗಿದ ಮೇಲೆ, ಸೋತ ಜಪಾನಿನಲ್ಲಿ ನೆಲೆಸಿದ ಭಾರತೀಯ ಬ್ರಿಗೇಡಿಗೂ ಅವರೇ ನಾಯಕರಾದರು. ನಿನ್ನೆಯ ಶತ್ರುವಿನ ಮನೆಯಂಗಳದಲ್ಲಿ ಇಂದು ಕಾವಲುಗಾರನಾಗಿ ನಿಲ್ಲುವ ಅನುಭವ ಅದು.

ಅದಕ್ಕಿಂತಲೂ ಕಠೋರವಾದ ಅನುಭವ ಸ್ವದೇಶದಲ್ಲಿಯೇ ಕಾದಿತ್ತು. ೧೯೪೭ರ ಆಗಸ್ಟಿನಲ್ಲಿ ದೇಶ ಇಬ್ಭಾಗವಾಗಿ ಪಂಜಾಬು ಹೊತ್ತಿ ಉರಿಯಿತು. ಅಲ್ಲಿ ಶಾಂತಿ ಕಾಪಾಡಲೆಂದು ರಚಿತವಾದ ಗಡಿ ಪಡೆಯಲ್ಲಿ ಭಾರತದ ಪರವಾಗಿ ನೇಮಕಗೊಂಡ ಸಲಹೆಗಾರರಲ್ಲಿ ತಿಮ್ಮಯ್ಯನವರೂ ಒಬ್ಬರು. ಆ ಪಡೆ ಒಂದೇ ತಿಂಗಳಲ್ಲಿ ವಿಸರ್ಜನೆಗೊಂಡಿತು. ಅನಂತರ ಅವರು ಡಿವಿಜನ್ನಿನ ನಾಯಕರಾಗಿ, ಎರಡೂ ದಿಕ್ಕಿಗೆ ಹರಿಯುತ್ತಿದ್ದ ನಿರಾಶ್ರಿತರ ಸಾಲುಗಳಿಗೆ ರಕ್ಷಣೆ ಒದಗಿಸುವ ಹೊಣೆ ಹೊತ್ತರು. ತಲೆಮಾರುಗಳಿಂದ ಒಂದೇ ಬಾವಿಯ ನೀರು ಕುಡಿದವರು ಒಬ್ಬರನ್ನೊಬ್ಬರು ಕೊಲ್ಲುವುದನ್ನು ಕಂಡರು. ಪರದೇಶದ ಸೈನ್ಯವನ್ನು ಹೊಡೆದೋಡಿಸುವ ವಿದ್ಯೆ ಇಲ್ಲಿ ಸಾಲದು. ಎರಡೂ ಕಡೆಯವರು ನಂಬುವಂಥ ನಿಷ್ಪಕ್ಷಪಾತ ಬೇಕು, ಉದ್ರಿಕ್ತ ಜನರ ನಡುವೆ ತಲೆ ಕೆಡದ ತಾಳ್ಮೆ ಬೇಕು. ಮುಂದೆ ಜಗತ್ತು ಅವರಿಂದ ಬೇಡಿದುದು ಇದನ್ನೇ.

೧೯೪೮ರಲ್ಲಿ ಕಾಶ್ಮೀರದ ರಕ್ಷಣೆಯ ಭಾರ ಅವರ ಹೆಗಲೇರಿತು. ಮುತ್ತಿಗೆಯ ಅಂಚಿನಲ್ಲಿದ್ದ ಲೇಹ್‌ಗೆ ಮೇ ತಿಂಗಳಲ್ಲಿ ಏರ್ ಕಮೊಡೋರ್ ಮೆಹರ್ ಸಿಂಗರು ಮೊದಲ ವಿಮಾನ ಇಳಿಸಿದಾಗ ತಿಮ್ಮಯ್ಯನವರೂ ಅದರಲ್ಲಿದ್ದರು. ನವೆಂಬರ್ ೧ರಂದು, ಹನ್ನೊಂದು ಸಾವಿರ ಅಡಿಗೂ ಮಿಕ್ಕಿದ ಎತ್ತರದಲ್ಲಿರುವ ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿ, ವೈರಿಯನ್ನು ದಿಗ್ಭ್ರಮೆಗೊಳಿಸಿ, ಲಡಾಖಿನ ದಾರಿಯನ್ನು ತೆರೆದರು. ಅಷ್ಟು ಎತ್ತರದಲ್ಲಿ ಟ್ಯಾಂಕು ಕಾದಾಡಿದುದು ಸೈನಿಕ ಚರಿತ್ರೆಯಲ್ಲಿ ಅದೇ ಮೊದಲು.

ಇಂಥ ರಣಧೀರನನ್ನೇ ಭಾರತ ಸರ್ಕಾರ ೧೯೫೩ರಲ್ಲಿ ಶಾಂತಿಕಾರ್ಯಕ್ಕೆ ಆರಿಸಿತು.

೧೯೫೦ರ ಜೂನಿನಲ್ಲಿ ಆರಂಭವಾದ ಕೊರಿಯಾ ಯುದ್ಧ ಮೂರು ವರ್ಷ ನಡೆಯಿತು. ಒಂದು ಕಡೆ ವಿಶ್ವಸಂಸ್ಥೆಯ ಹೆಸರಿನಲ್ಲಿ ಅಮೆರಿಕ ಮುಂತಾದ ರಾಷ್ಟ್ರಗಳು ಮತ್ತು ದಕ್ಷಿಣ ಕೊರಿಯಾ; ಇನ್ನೊಂದು ಕಡೆ ಉತ್ತರ ಕೊರಿಯಾ ಮತ್ತು ಚೀನಾ. ಭಾರತ ಅಲ್ಲಿಗೆ ಕಾದಾಡುವ ಸೈನ್ಯವನ್ನು ಕಳುಹಿಸಲಿಲ್ಲ. ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜರ ನೇತೃತ್ವದಲ್ಲಿ ವೈದ್ಯಕೀಯ ತಂಡವೊಂದನ್ನು ಮಾತ್ರ ಕಳುಹಿಸಿತು. ಸಂಧಾನದ ಮಾತುಕತೆ ಬಹುಕಾಲ ತೊಡಕಿಗೆ ಸಿಕ್ಕಿದ್ದು ಯುದ್ಧಕೈದಿಗಳ ಪ್ರಶ್ನೆಯಲ್ಲಿ. ತಮ್ಮ ದೇಶಕ್ಕೆ ಹಿಂದಿರುಗಲು ಒಲ್ಲದ ಕೈದಿಗಳನ್ನು ಏನು ಮಾಡಬೇಕು? ಎಲ್ಲರನ್ನೂ ಮರಳಿಸಲೇಬೇಕೆಂದು ಒಂದು ಪಕ್ಷ. ಒತ್ತಾಯದಿಂದ ಯಾರನ್ನೂ ಕಳುಹಿಸಕೂಡದೆಂದು ಇನ್ನೊಂದು ಪಕ್ಷ. ಈ ಒಂದು ಪ್ರಶ್ನೆಗಾಗಿ ಯುದ್ಧ ತಿಂಗಳುಗಟ್ಟಲೆ ಬೆಳೆದು ಸಾವಿರಾರು ಜನ ಸತ್ತರು. ತಟಸ್ಥ ರಾಷ್ಟ್ರಗಳ ಆಯೋಗವೊಂದು ಕೈದಿಗಳ ಹೊಣೆ ಹೊರಬೇಕೆಂಬ ಸೂಚನೆಯನ್ನು ಭಾರತದ ಪರವಾಗಿ ವಿ. ಕೆ. ಕೃಷ್ಣ ಮೆನನ್ನರು ವಿಶ್ವಸಂಸ್ಥೆಯ ಮುಂದಿಟ್ಟರು. ೧೯೫೨ರ ಡಿಸೆಂಬರಿನಲ್ಲಿ ಮಹಾಸಭೆ ಅದನ್ನು ಅಂಗೀಕರಿಸಿತು. ಮೊದಲು ಒಪ್ಪದಿದ್ದ ಕಮ್ಯುನಿಸ್ಟ್ ಪಕ್ಷವೂ ಮರುವರ್ಷ ಬಹುಮಟ್ಟಿಗೆ ಅದೇ ಮಾರ್ಗಕ್ಕೆ ಬಂದಿತು. ೧೯೫೩ರ ಜುಲೈ ೨೭ರಂದು ಕದನವಿರಾಮವಾಯಿತು.

ಆಯೋಗದಲ್ಲಿ ಐದು ರಾಷ್ಟ್ರಗಳಿದ್ದವು. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಒಂದು ಬದಿಗೆ ಒಲಿದವು. ಪೋಲೆಂಡ್ ಮತ್ತು ಜೆಕೊಸ್ಲೊವಾಕಿಯಾ ಇನ್ನೊಂದು ಬದಿಗೆ. ಐದನೆಯ ಸದಸ್ಯ ಮತ್ತು ಅಧ್ಯಕ್ಷ ರಾಷ್ಟ್ರ ಭಾರತ. ಅಧ್ಯಕ್ಷಪೀಠದಲ್ಲಿ ಲೆಫ್ಟಿನೆಂಟ್ ಜನರಲ್ ತಿಮ್ಮಯ್ಯನವರು. ಮತಗಳು ಸಮನಾಗಿ ಒಡೆದಾಗಲೆಲ್ಲ ತೀರ್ಪು ಅವರ ಒಂದು ಮತದಿಂದಲೇ ಆಗಬೇಕು. ಕೈದಿಗಳನ್ನು ಕಾಯಲು ಸುಮಾರು ಆರು ಸಾವಿರ ಯೋಧರ ಭಾರತೀಯ ಪಾಲಕ ಪಡೆ ಹೋಯಿತು. ಅದರ ನಾಯಕರು ಕಾಂಗಾವ್ ಕಾಳಗದ ಹಳೆಯ ಒಡನಾಡಿ, ಮೇಜರ್ ಜನರಲ್ ಥೋರಾತರು.

ಆರಂಭವೇ ಅಪಮಾನಕರವಾಗಿತ್ತು. ಭಾರತದ ತಟಸ್ಥ ನೀತಿಯನ್ನು ದ್ವೇಷಿಸುತ್ತಿದ್ದ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಅವರು, ಭಾರತೀಯ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಕೂಡದೆಂದು ಹಟ ಹಿಡಿದರು. ಶಾಂತಿಗಾಗಿ ಬಂದವರನ್ನು ಇಂಚೋನ್ ಬಂದರಿನ ಹಡಗುಗಳಿಂದ ಹೆಲಿಕಾಪ್ಟರುಗಳಲ್ಲಿ ಎತ್ತಿ, ಎರಡು ಸೈನ್ಯಗಳ ನಡುವಣ ನಿಸ್ಸೈನಿಕ ವಲಯಕ್ಕೆ ಇಳಿಸಬೇಕಾಯಿತು. ಅಲ್ಲಿ ಡೇರೆಗಳ ಊರೊಂದು ಎದ್ದಿತು. ಅದಕ್ಕೆ ಹಿಂದ್ ನಗರವೆಂದು ಹೆಸರಾಯಿತು.

ಹಿಂದಿರುಗಲು ಒಲ್ಲದವರೆಂದು ವಿಶ್ವಸಂಸ್ಥೆಯ ಪಕ್ಷ ಒಪ್ಪಿಸಿದ ಕೈದಿಗಳು ೨೨,೬೦೪ ಮಂದಿ. ಅವರಲ್ಲಿ ೧೪,೭೦೪ ಮಂದಿ ಚೀನೀಯರು, ೭,೯೦೦ ಮಂದಿ ಉತ್ತರ ಕೊರಿಯದವರು. ಇನ್ನೊಂದು ಪಕ್ಷ ಒಪ್ಪಿಸಿದವರು ೩೫೯. ಒಪ್ಪಂದದ ಪ್ರಕಾರ ತೊಂಬತ್ತು ದಿನಗಳ ಕಾಲ ಆಯಾ ದೇಶದ ಪ್ರತಿನಿಧಿಗಳು ತಮ್ಮವರನ್ನು ಕಂಡು, ಸ್ವದೇಶಕ್ಕೆ ಮರಳುವಂತೆ ತಿಳಿಯ ಹೇಳಬಹುದು. ಆಮೇಲೆ ನಿರ್ಧಾರ ಕೈದಿಯದು. ಕಾಗದದ ಮೇಲೆ ಇದು ಸರಳ. ಆದರೆ ಬೇಲಿಯ ಒಳಗೆ ಕೈದಿಗಳ ಗುಂಪುಗಳು ಬಿಗಿಯಾಗಿ ಸಂಘಟಿತವಾಗಿದ್ದವು. ಮನೆಗೆ ಮರಳಲು ಬಯಸಿದವನು ಬಾಯಿಬಿಟ್ಟರೆ ಒಡನಾಡಿಗಳಿಂದಲೇ ಪ್ರಾಣಾಪಾಯ. ರಾತ್ರಿಯ ಕತ್ತಲಲ್ಲಿ ಮುಳ್ಳುತಂತಿಯನ್ನು ಹಾರಿ ಭಾರತೀಯ ಕಾವಲುಗಾರನ ಮೊರೆಹೊಕ್ಕವರು ಅನೇಕರು.

ಸೆಪ್ಟೆಂಬರಿನಲ್ಲಿ ಕೈದಿಗಳು ಮೇಜರ್ ದರ್ಜೆಯ ಭಾರತೀಯ ಅಧಿಕಾರಿಯೊಬ್ಬರನ್ನು ಬೇಲಿಯೊಳಕ್ಕೆ ಎಳೆದೊಯ್ದು ಬಂಧಿಸಿದರು. ಥೋರಾತರು ಗುಂಡಿನ ಮಾರ್ಗವನ್ನು ಬಿಟ್ಟು, ತಾವೇ ಒಳಹೊಕ್ಕು, ಉದ್ರಿಕ್ತ ಕೈದಿಗಳ ನಡುವೆ ಸಮಾಧಾನದಿಂದ ಮಾತನಾಡಿ, ಅಧಿಕಾರಿಯನ್ನು ಬಿಡಿಸಿ ತಂದರು. ಎಲ್ಲ ಸಲವೂ ಹೀಗೆ ಸುಖಾಂತವಾಗಲಿಲ್ಲ. ಅಕ್ಟೋಬರಿನ ಮೊದಲ ದಿನಗಳಲ್ಲಿ ಕೈದಿಗಳು ಬೇಲಿಯೊಡೆದು ನುಗ್ಗಲು ಯತ್ನಿಸಿದಾಗ ಕಾವಲು ಪಡೆ ಗುಂಡು ಹಾರಿಸಬೇಕಾಗಿ ಬಂದು ಕೆಲವರು ಸತ್ತರು.

ಅಕ್ಟೋಬರ್ ೧೫ರಂದು ತಿಳಿಯಹೇಳುವ ಕಾರ್ಯ ಆರಂಭವಾಯಿತು. ಕೈದಿಗಳು ಕೂಗಾಡಿದರು, ಪ್ರತಿನಿಧಿಗಳ ಮೇಲೆ ಉಗುಳಿದರು, ಬರಲೊಲ್ಲೆವೆಂದು ಕುಳಿತುಬಿಟ್ಟರು. ಅವರನ್ನು ಬಲವಂತವಾಗಿ ಎಳೆದು ತರಬೇಕೆಂದು ಉತ್ತರ ಕೊರಿಯಾ ಮತ್ತು ಚೀನಾದ ಪಕ್ಷ ಪಟ್ಟುಹಿಡಿಯಿತು. ತಿಮ್ಮಯ್ಯನವರ ಕೈಯಲ್ಲಿ ಬಂದೂಕುಗಳಿದ್ದವು. ಆದರೆ ಸಾವಿರಾರು ನಿರಾಯುಧ ಕೈದಿಗಳನ್ನು ಎಳೆದು ತರಲು ಹೊರಟರೆ ನೂರಾರು ಹೆಣ ಬೀಳುವುದು ನಿಶ್ಚಯವಿತ್ತು. ಮನುಷ್ಯನ ಸ್ವಂತ ಇಚ್ಛೆಯನ್ನು ಅರಿಯಲೆಂದು ರಚಿತವಾದ ಆಯೋಗ, ಅದಕ್ಕಾಗಿ ಮನುಷ್ಯರನ್ನೇ ಕೊಲ್ಲುವುದು ಯಾವ ನ್ಯಾಯ? ಅವರು ಬಲಪ್ರಯೋಗಕ್ಕೆ ಒಪ್ಪಲಿಲ್ಲ. ತೊಂಬತ್ತು ದಿನಗಳಲ್ಲಿ ಕೆಲವೇ ದಿನ ಕಾರ್ಯ ನಡೆದು, ಡಿಸೆಂಬರ್ ೨೩ಕ್ಕೆ ಅವಧಿ ಮುಗಿಯಿತು.

ಉಳಿದ ಕೈದಿಗಳ ಭವಿಷ್ಯವನ್ನು ನಿರ್ಧರಿಸಬೇಕಾಗಿದ್ದ ರಾಜಕೀಯ ಸಮ್ಮೇಳನ ಸೇರಲೇ ಇಲ್ಲ. ಒಂದು ಪಕ್ಷ ಅವರನ್ನು ಇನ್ನೂ ಹಿಡಿದಿಡಬೇಕೆಂದಿತು. ಇನ್ನೊಂದು ಪಕ್ಷ ಕೂಡಲೇ ನಾಗರಿಕರೆಂದು ಸಾರಿ ಬಿಡಬೇಕೆಂದಿತು. ಎರಡರಲ್ಲಿ ಯಾವುದನ್ನು ಮಾಡಿದರೂ ಭಾರತ ತನಗಿಲ್ಲದ ಅಧಿಕಾರವನ್ನು ಚಲಾಯಿಸಿದಂತಾಗುತ್ತಿತ್ತು. ತಿಮ್ಮಯ್ಯನವರು ನಡುವಣ ಹಾದಿ ಹಿಡಿದರು. ೧೯೫೪ರ ಜನವರಿ ೨೦ರಿಂದ ಮೊದಲ್ಗೊಂಡು, ಕೈದಿಗಳನ್ನು ಅವರನ್ನು ಒಪ್ಪಿಸಿದ್ದ ಪಕ್ಷಗಳಿಗೇ ಹಿಂದಿರುಗಿಸಿದರು. ಎರಡೂ ಪಕ್ಷಗಳು ಅಸಮಾಧಾನಗೊಂಡವು. ಎರಡೂ ಪಕ್ಷಗಳು ಸಮನಾಗಿ ದೂರಿದುದೇ ಅವರ ನಿಷ್ಪಕ್ಷಪಾತಕ್ಕೆ ದೊರೆತ ಪ್ರಮಾಣಪತ್ರವೆನ್ನಬೇಕು.

ಭಾರತೀಯ ಕಾವಲಿನಲ್ಲಿದ್ದಾಗ ಮನಸ್ಸು ಬದಲಿಸಿ ಉತ್ತರ ಕೊರಿಯಾ ಮತ್ತು ಚೀನಾದ ಕಡೆಗೆ ಮರಳಿದವರು ಆರು ನೂರಕ್ಕೂ ಮಿಕ್ಕಿದ್ದರು. ಸಂಖ್ಯೆ ಚಿಕ್ಕದೆನಿಸಬಹುದು, ಆದರೆ ಅಷ್ಟು ಮನೆಗಳಿಗೆ ಕಳೆದುಹೋದ ಮಗ ಮರಳಿ ಬಂದಂತಾಯಿತು. ಎರಡೂ ಪಕ್ಷಗಳನ್ನೊಲ್ಲದೆ ತಟಸ್ಥ ನೆಲವೇ ಬೇಕೆಂದ ೮೮ ಮಂದಿ ಪಾಲಕ ಪಡೆಯೊಡನೆ ಭಾರತಕ್ಕೆ ಬಂದರು. ಅವರಲ್ಲಿ ಹೆಚ್ಚಿನವರು ಮುಂದೆ ಬ್ರಜಿಲ್, ಅರ್ಜೆಂಟೀನಾಗಳಿಗೆ ಹೋದರು. ಕೆಲವರು ಇಲ್ಲಿಯೇ ನೆಲೆಸಿದರು. ೧೯೫೪ರಲ್ಲಿ ಸರ್ಕಾರ ತಿಮ್ಮಯ್ಯನವರಿಗೆ ಪದ್ಮಭೂಷಣ ನೀಡಿ ಗೌರವಿಸಿತು. ಕೊರಿಯಾದ ಅನುಭವವನ್ನು ಕುರಿತು ಅವರು ಬರೆದಿಟ್ಟ ಗ್ರಂಥ, ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, ೧೯೮೧ರಲ್ಲಿ ಪ್ರಕಟವಾಯಿತು.

೧೯೫೭ರ ಮೇ ತಿಂಗಳಲ್ಲಿ ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾದರು. ಅವರ ಕಾಲದಲ್ಲಿ ಭಾರತೀಯ ಸೈನಿಕರು ವಿಶ್ವಸಂಸ್ಥೆಯ ನೀಲಿ ಬಾವುಟದಡಿ ಗಾಜಾ ಪಟ್ಟಿಯಲ್ಲಿ ಕಾವಲಿದ್ದರು. ೧೯೬೧ರ ಮಾರ್ಚಿನಲ್ಲಿ ಭಾರತೀಯ ಬ್ರಿಗೇಡೊಂದು ಆಫ್ರಿಕದ ಕಾಂಗೋ ದೇಶಕ್ಕೆ ತೆರಳಿತು. ಇದರ ನಡುವೆ, ೧೯೫೯ರಲ್ಲಿ, ರಕ್ಷಣಾ ಸಚಿವರಾಗಿದ್ದ ಕೃಷ್ಣ ಮೆನನ್ನರೊಡನೆ ತೀವ್ರ ಭಿನ್ನಾಭಿಪ್ರಾಯ ಉಂಟಾಗಿ ಅವರು ರಾಜೀನಾಮೆ ಸಲ್ಲಿಸಿದರು. ಪ್ರಧಾನಿ ನೆಹರೂ ಅವರ ಮಾತಿಗೆ ಓಗೊಟ್ಟು ಹಿಂತೆಗೆದುಕೊಂಡರು. ಕೊರಿಯಾದ ಶಾಂತಿಯೋಜನೆಯನ್ನು ರೂಪಿಸಿದವರು ಒಬ್ಬರು, ಅದನ್ನು ನೆಲದ ಮೇಲೆ ನಡೆಸಿದವರು ಇನ್ನೊಬ್ಬರು. ಅವರಿಬ್ಬರೂ ಸ್ವದೇಶದಲ್ಲಿ ಕೂಡಿ ನಡೆಯದೆ ಹೋದುದು ವಿಷಾದದ ಸಂಗತಿ. ಆ ಪ್ರಸಂಗದ ಗುಣದೋಷಗಳ ಚರ್ಚೆ ಇಂದಿಗೂ ನಿಂತಿಲ್ಲ. ೧೯೬೧ರ ಮೇ ತಿಂಗಳಲ್ಲಿ ನಿವೃತ್ತರಾಗಿ ತಿಮ್ಮಯ್ಯನವರು ಕೊಡಗಿಗೆ ಮರಳಿದರು.

ಕಾಫಿ ತೋಟದ ನೆರಳಿನಲ್ಲಿ ವಿಶ್ರಮಿಸಲು ಬಂದವರನ್ನು ಮೂರು ವರ್ಷಗಳಲ್ಲಿ ಜಗತ್ತು ಮತ್ತೆ ಕರೆಯಿತು. ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪ ೧೯೬೦ರಲ್ಲಿ ಸ್ವತಂತ್ರವಾಗಿತ್ತು. ೧೯೬೩ರ ಡಿಸೆಂಬರಿನಲ್ಲಿ ಅಲ್ಲಿನ ಗ್ರೀಕ್ ಮತ್ತು ತುರ್ಕಿ ಜನಾಂಗಗಳ ನಡುವೆ ರಕ್ತಪಾತ ಆರಂಭವಾಯಿತು. ೧೯೬೪ರ ಮಾರ್ಚ್ ೪ರಂದು ಭದ್ರತಾ ಮಂಡಳಿ ಶಾಂತಿಪಾಲನಾ ಪಡೆಯ ರಚನೆಗೆ ನಿರ್ಣಯ ಮಾಡಿತು. ಅದರ ಮೊದಲ ನಾಯಕರು ಭಾರತದ ಲೆಫ್ಟಿನೆಂಟ್ ಜನರಲ್ ಪಿ. ಎಸ್. ಗ್ಯಾನಿ, ಅವರ ತರುವಾಯ, ಜುಲೈ ತಿಂಗಳಲ್ಲಿ, ಜನರಲ್ ತಿಮ್ಮಯ್ಯನವರು. ಆ ಪಡೆಯಲ್ಲಿ ಭಾರತದ ಸೈನ್ಯವಿರಲಿಲ್ಲ. ಬ್ರಿಟನ್, ಕೆನಡಾ, ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್‌ಗಳ ಯೋಧರು ಕೊಡಗಿನ ಈ ಸೇನಾನಿಯ ಆಜ್ಞೆಯಲ್ಲಿ ನಡೆದರು. ಒಂದು ಕಾಲದಲ್ಲಿ ಬ್ರಿಟಿಷರ ಕೈಕೆಳಗೆ ದುಡಿದವರ ನೇತೃತ್ವವನ್ನು ಬ್ರಿಟಿಷ್ ಸೈನಿಕರೇ ಒಪ್ಪಿ ನಡೆದ ಕಾಲ ಅದು.

ಅವರು ಹೋದ ಮರುತಿಂಗಳೇ ಕೊಕ್ಕಿನಾ ಪ್ರದೇಶದಲ್ಲಿ ತೀವ್ರ ಕಾಳಗವಾಗಿ, ತುರ್ಕಿ ದೇಶದ ವಿಮಾನಗಳು ಬಾಂಬು ಸುರಿದವು. ಇಡೀ ಪ್ರದೇಶ ಯುದ್ಧದ ಬಾಯಿಗೆ ಬಂದು ನಿಂತು, ಭದ್ರತಾ ಮಂಡಳಿಯ ಕರೆಯಿಂದ ಕದನ ನಿಂತಿತು. ಶಾಂತಿ ಪಡೆಗೆ ಆತ್ಮರಕ್ಷಣೆಯ ಹೊರತು ಗುಂಡು ಹಾರಿಸುವ ಅಧಿಕಾರವಿರಲಿಲ್ಲ. ಅದರ ನಿತ್ಯದ ಕೆಲಸಗಳಲ್ಲಿ ವೀರಗಾಥೆಗೆ ಒದಗುವಂಥದು ಏನೂ ಇರಲಿಲ್ಲ. ಎರಡು ಕಡೆಯ ಕಾವಲು ಠಾಣೆಗಳ ನಡುವೆ ಹಗಲಿರುಳು ನಿಲ್ಲುವುದು, ನಿಕೋಸಿಯಾ-ಕೈರೀನಿಯಾ ರಸ್ತೆಯಲ್ಲಿ ಪ್ರಯಾಣಿಕರಿಗೆ ಬೆಂಗಾವಲಾಗುವುದು, ಗುಂಡಿನ ಭಯದಿಂದ ಹೊಲಕ್ಕೆ ಹೋಗಲಾರದ ರೈತ ಬಿತ್ತಿ ಬೆಳೆ ಕೊಯ್ಯುವಂತೆ ಕಾವಲಿರುವುದು, ನೀರು, ಅಂಚೆ, ವಿದ್ಯುತ್ತುಗಳ ಜಗಳ ಬಿಡಿಸುವುದು. ಪಂಜಾಬಿನಲ್ಲಿ ನೆರೆಹೊರೆಯವರ ಹಗೆತನವನ್ನು ಕಣ್ಣಾರೆ ಕಂಡವರಿಗೆ ಈ ಸಣ್ಣ ಕೆಲಸಗಳ ಬೆಲೆ ತಿಳಿದಿತ್ತು. ಇಂದು ಕೊಯ್ಲಾದ ಒಂದು ಹೊಲವೆಂದರೆ ಇಂದು ಬೀಳದ ಒಂದು ಹೆಣ.

ಈ ಕರ್ತವ್ಯದಲ್ಲಿರುವಾಗಲೇ, ೧೯೬೫ರ ಡಿಸೆಂಬರ್ ೧೮ರಂದು, ಹೃದಯಾಘಾತದಿಂದ ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ನಿಧನರಾದರು. ಐವತ್ತೊಂಬತ್ತು ವಯಸ್ಸಷ್ಟೆ. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದು ಸಮಾಧಿ ಮಾಡಲಾಯಿತು. ಮರುವರ್ಷ ಸೈಪ್ರಸ್ ಸರ್ಕಾರ ಅವರ ಸ್ಮರಣೆಗಾಗಿ ಅಂಚೆಚೀಟಿ ಹೊರಡಿಸಿತು. ಅಲ್ಲಿನ ಲಾರ್ನಕಾ ನಗರದ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ. ಮಡಿಕೇರಿಯ ಅವರ ಮನೆ ಸನ್ನಿ ಸೈಡ್ ೨೦೨೧ರಿಂದ ವಸ್ತುಸಂಗ್ರಹಾಲಯವಾಗಿದೆ.

ತಿಮ್ಮಯ್ಯನವರು ಕಾಯ್ದ ಎರಡೂ ನಾಡುಗಳಲ್ಲಿ ಶಾಶ್ವತ ಶಾಂತಿ ನೆಲೆಸಲಿಲ್ಲವೆಂಬುದನ್ನು ಮರೆಮಾಚಬೇಕಾಗಿಲ್ಲ. ಕೊರಿಯಾ ಇಂದಿಗೂ ಇಬ್ಭಾಗವಾಗಿದೆ; ಕದನವಿರಾಮ ಶಾಂತಿ ಒಪ್ಪಂದವಾಗಿ ಮಾರ್ಪಟ್ಟಿಲ್ಲ. ಸೈಪ್ರಸ್ ೧೯೭೪ರಲ್ಲಿ ಇಬ್ಭಾಗವಾಯಿತು. ವಿಶ್ವಸಂಸ್ಥೆಯ ಪಡೆ ಈಗಲೂ ಅಲ್ಲಿದೆ. ಹಾಗಾದರೆ ಆ ಶ್ರಮವೆಲ್ಲ ವ್ಯರ್ಥವೇ? ಅಲ್ಲ. ನಡುವೆ ನಿಂತವನು ಜಗಳದ ಮೂಲವನ್ನು ಕೀಳಲಾರ. ಅದು ಜಗಳವಾಡುವವರಿಂದಲೇ ಆಗಬೇಕು. ಅವರ ವಿವೇಕ ಮರಳುವವರೆಗೆ ಜೀವಗಳನ್ನು ಉಳಿಸುವುದಷ್ಟೇ ಅವನ ಕೈಯಲ್ಲಿರುವುದು. ಆ ಉಳಿದ ಜೀವಗಳ ಲೆಕ್ಕವನ್ನು ಯಾವ ಚರಿತ್ರೆಯೂ ಬರೆದಿಡುವುದಿಲ್ಲ. ಅಂದಿನಿಂದ ಇಂದಿನವರೆಗೆ ಐವತ್ತು ಕ್ಷೇತ್ರಗಳಿಗೂ ಮಿಕ್ಕಿ ಎರಡೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ನೀಲಿ ಬಾವುಟದಡಿ ಸೇವೆ ಸಲ್ಲಿಸಿದ್ದಾರೆ. ನೂರೈವತ್ತಕ್ಕೂ ಹೆಚ್ಚು ಮಂದಿ ಪ್ರಾಣವನ್ನರ್ಪಿಸಿದ್ದಾರೆ. ಆ ಹಾದಿಯನ್ನು ಮೊದಲು ತುಳಿದವರ ಸಾಲಿನಲ್ಲಿ ತಿಮ್ಮಯ್ಯನವರ ಹೆಜ್ಜೆಗುರುತಿದೆ.

ನಮ್ಮ ವಿದ್ಯಾರ್ಥಿಗಳೆಲ್ಲರೂ ಸೇನಾನಿಗಳಾಗಲಾರರು. ಆದರೆ ಮನೆಯಲ್ಲಿ, ಓಣಿಯಲ್ಲಿ, ಊರಿನಲ್ಲಿ ಇಬ್ಬರ ಜಗಳದ ನಡುವೆ ನಿಲ್ಲಬೇಕಾದ ಪ್ರಸಂಗ ಪ್ರತಿಯೊಬ್ಬನಿಗೂ ಒದಗಿ ಬರುತ್ತದೆ. ಆಗ ಬಲವಿದ್ದೂ ಕೈಯೆತ್ತದಿರುವ ಸಂಯಮ, ಇಬ್ಬರೂ ದೂರಿದರೂ ನ್ಯಾಯದಿಂದ ಕದಲದ ಸ್ಥೈರ್ಯ ಅವರಲ್ಲಿ ಮೂಡಿದರೆ, ಮಡಿಕೇರಿಯಲ್ಲಿ ಹುಟ್ಟಿ ಸೈಪ್ರಸ್‌ನಲ್ಲಿ ಕಣ್ಮುಚ್ಚಿದ ಆ ಮಹನೀಯರ ಬಾಳು ಸಾರ್ಥಕವಾದಂತೆ.